ಒಣಗಿದ ಗಿಡಕ್ಕೊಂದು ಕಾನೂನು, ಓದುವ ಗುಮಾಸ್ತನಿಗೊಂದು

ಕಕ್ಕಡದ, ಅಂದರೆ ಕೊಡಗಿನ ಕಡುಮಳೆಯ ತಿಂಗಳ, ಮಳೆಯಲ್ಲಿ ಮಡಿಕೇರಿಗೆ ಕಾಗದಪತ್ರ ಒಯ್ಯುವುದು ಹಸುಗೂಸನ್ನು ಒಯ್ದಂತೆ. ಎರಡು ಪ್ಲಾಸ್ಟಿಕ್ ಕವರ್ ಸುತ್ತಬೇಕು, ಅಂಗಿಯೊಳಗೆ ಸೇರಿಸಬೇಕು, ಮೇಲೊಂದು ಜರ್ಕಿನ್ ಹಾಕಬೇಕು. 2025ರ ಕಕ್ಕಡದಲ್ಲಿ ಹಾಗೆ ಎದೆಗವಚಿಕೊಂಡು ಒಯ್ದ ರಸೀದಿಯೊಂದನ್ನು ತೆರಿಗೆ ವಿನಾಯಿತಿಗೆಂದು ನಮ್ಮ ಆಡಿಟರ ಮೇಜಿನ ಮೇಲಿಟ್ಟೆ. ಕೆಲಸ ಮಾಡುತ್ತಲೇ ಓದುತ್ತಿರುವ ಸ್ನಾತಕೋತ್ತರ ಕೋರ್ಸಿನ ಬೋಧನಾ ಶುಲ್ಕ, 40,000 ರೂಪಾಯಿ. ಮೂಲೆಯಲ್ಲಿ ಸ್ವಲ್ಪ ಒದ್ದೆಯಾಗಿತ್ತು, ಮೊತ್ತ ಮಾತ್ರ ಸ್ಪಷ್ಟವಾಗಿತ್ತು.

ಆಡಿಟರು ಕನ್ನಡಕ ಏರಿಸಿದರು. "ಮಗುವಿನ ಹೆಸರು?"

"ಅದರಲ್ಲೇ ಇದೆ ಸಾರ್."

"ಇದು ನಿಮ್ಮ ಹೆಸರು."

"ಮಗು ನಾನೇ ಸಾರ್."

ಪೆನ್ನು ನಿಂತಿತು. ನನಗೆ ಆಗ ನಲವತ್ತೊಂದು ತುಂಬಿತ್ತು.

ಅವರದ್ದೇನೂ ತಪ್ಪಿಲ್ಲ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 80ಸಿ ಕಲಮಿನಲ್ಲಿ ಬೋಧನಾ ಶುಲ್ಕಕ್ಕೆ ಜಾಗವಿತ್ತು, ಆದರೆ ಅದು ತೆರಿಗೆದಾರನ ಇಬ್ಬರು ಮಕ್ಕಳಿಗೆ ಮಾತ್ರ. ಅದೂ ಭಾರತದೊಳಗಿನ ಸಂಸ್ಥೆಯಲ್ಲಿ, ಅದೂ ಪೂರ್ಣಾವಧಿ ಓದಿಗೆ. ಡೊನೇಷನ್, ಅಭಿವೃದ್ಧಿ ಶುಲ್ಕ ಲೆಕ್ಕಕ್ಕಿಲ್ಲ. ಹೆಂಡತಿ ಓದಿದರೂ ಇಲ್ಲ, ಸ್ವಂತ ಓದಿಗಂತೂ ಇಲ್ಲವೇ ಇಲ್ಲ. ಅದೇ 80ಸಿಯಲ್ಲಿ, ಅದೇ ಒಂದೂವರೆ ಲಕ್ಷದ ಮಿತಿಯೊಳಗೆ, ನನ್ನ ಸ್ವಂತ ಜೀವವಿಮೆಯ ಕಂತಿಗೆ ವಿನಾಯಿತಿ ಉಂಟು. ನಾನು ಸತ್ತರೆ ಆಗುವ ಪ್ರಯೋಜನವನ್ನು ಸರ್ಕಾರ ಒಪ್ಪಿಕೊಂಡಿದೆ. ಬದುಕಿ, ಓದಿ, ಪಾಸಾದರೆ ಏನು ಪ್ರಯೋಜನ ಎಂಬುದು ಅದಕ್ಕಿನ್ನೂ ಮನವರಿಕೆಯಾಗಿಲ್ಲ.

"ಒಂದು ದಾರಿ ಉಂಟು," ಎಂದರು ಆಡಿಟರು. "ಸಾಲ ಮಾಡಿ."

80ಇ ಎಂಬ ಇನ್ನೊಂದು ಕಲಮು ಇದೆಯಂತೆ. ಉನ್ನತ ಶಿಕ್ಷಣಕ್ಕೆ ಬ್ಯಾಂಕಿನಿಂದ ಸಾಲ ತೆಗೆದರೆ ಅದರ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಅಲ್ಲಿ ಮಾತ್ರ ನಾನೂ ವಿದ್ಯಾರ್ಥಿಯೇ, ಹೆಂಡತಿಯೂ ವಿದ್ಯಾರ್ಥಿನಿಯೇ. ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ನಲವತ್ತು ಸಾವಿರಕ್ಕೆ ಶೇಕಡ 10ರ ಬಡ್ಡಿಯೆಂದರೆ ವರ್ಷಕ್ಕೆ 4,000. ನನ್ನ ಶೇಕಡ 20ರ ಹಂತದಲ್ಲಿ ಉಳಿಯುವ ತೆರಿಗೆ 800, ಸೆಸ್ ಸೇರಿ 832. ಅಂದರೆ ಬ್ಯಾಂಕಿಗೆ ನಾಲ್ಕು ಸಾವಿರ ಕೊಟ್ಟು ಸರ್ಕಾರದಿಂದ ಎಂಟುನೂರ ಮೂವತ್ತೆರಡು ಉಳಿಸುವುದು. ನಾನು ಮಾಡಿದ ಅಪರಾಧ ಇಷ್ಟೇ: ಎರಡು ವರ್ಷ ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡಿನಲ್ಲಿ, ಕೈಗಡವನ್ನೂ ಮಾಡದೆ ಶುಲ್ಕ ಕಟ್ಟಿದ್ದು.

ಅದಕ್ಕೂ ಹಿಂದಿನ ವರ್ಷ ಒಂದು ಖಾಸಗಿ ಆನ್‌ಲೈನ್ ಕೋರ್ಸ್ ಮಾಡಿದ್ದೆ. ಅದರ ಬಿಲ್ಲಿನಲ್ಲಿ ಶೇಕಡ 18 ಜಿಎಸ್‌ಟಿ ಇತ್ತು. ವಸೂಲಿಯ ಹೊತ್ತಿಗೆ ನನ್ನನ್ನು ಯಾರೂ "ಮಗು ಎಲ್ಲಿ" ಎಂದು ಕೇಳಿರಲಿಲ್ಲ.

ಇಷ್ಟಕ್ಕೇ ಸುಮ್ಮನಾಗುತ್ತಿದ್ದೆನೇನೋ. ಆದರೆ ನನ್ನ ಹೊಟ್ಟೆಪಾಡು ಕುಶಾಲನಗರದ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯುವುದು. ನಮ್ಮ ಮಾಲೀಕರಿಗೆ ತೋಟವೂ ಇದೆ. ಅವರ ಕಾಫಿಯ ಆದಾಯಕ್ಕೆ ತೆರಿಗೆ ಹೇಗೆ ಎಂಬುದನ್ನು ಆಗಿನ 1962ರ ಆದಾಯ ತೆರಿಗೆ ನಿಯಮಾವಳಿಯ 7ಬಿ ನಿಯಮ ಹೇಳುತ್ತಿತ್ತು. ತಾವೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇಕಡ 25 ಭಾಗಕ್ಕೆ ತೆರಿಗೆ. ಹುರಿದು ಪುಡಿ ಮಾಡಿಯೂ ಮಾರಿದರೆ ಶೇಕಡ 40. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿತ್ತು, ಅದನ್ನು ನಾನು ಪ್ರತಿವರ್ಷ ನನ್ನ ಕೈಯಾರೆ ತುಂಬುತ್ತಿದ್ದೆ. ತೋಟದಲ್ಲಿ ಸತ್ತುಹೋದ, ಇಲ್ಲವೇ ಶಾಶ್ವತವಾಗಿ ಕೆಲಸಕ್ಕೆ ಬಾರದ ಕಾಫಿ ಗಿಡಗಳ ಜಾಗದಲ್ಲಿ ಹೊಸ ಗಿಡ ನೆಟ್ಟರೆ ಆ ಖರ್ಚನ್ನು ಆದಾಯದಿಂದ ಕಳೆಯಬಹುದು.

ಎಷ್ಟು ಕರುಣಾಳು ಕಾನೂನು ನೋಡಿ. ಅರೇಬಿಕಾ ಕಾಫಿ ಗಿಡಕ್ಕೆ ಕಾಂಡಕೊರಕ ಹುಳು ಬಿತ್ತು, ಎಲೆ ಹಳದಿಯಾಯಿತು, ಎಳೆದರೆ ಬುಡ ಸಮೇತ ಕೈಗೆ ಬಂತು. ಸರ್ಕಾರ ಬೆನ್ನು ತಟ್ಟಿ, "ಹೋಗಲಿ ಬಿಡಿ, ಬೇರೆ ನೆಡಿ" ಎನ್ನುತ್ತದೆ. ಇಪ್ಪತ್ತು ವರ್ಷದ ಹಿಂದೆ ಬಿ.ಕಾಂ ಮುಗಿಸಿದ ಗುಮಾಸ್ತನೊಬ್ಬ ಇದ್ದಾನೆ. ಅವನು ಓದಿದ್ದರಲ್ಲಿ ಜಿಎಸ್‌ಟಿ ಇರಲಿಲ್ಲ, ಸರಕು ಸಾಗಿಸುವ ಇ-ವೇ ಬಿಲ್ ಇರಲಿಲ್ಲ, ಕಂಪ್ಯೂಟರೆಂದರೆ ಕಾಲೇಜಿನ ಬೀಗ ಹಾಕಿದ ಕೋಣೆಯಲ್ಲಿದ್ದ ಎರಡು ಪೆಟ್ಟಿಗೆ. ಕಾಂಡ ಪೂರ್ತಿ ಟೊಳ್ಳು. ಅವನು ಸ್ವಂತ ಖರ್ಚಿನಲ್ಲಿ ತಲೆಯೊಳಗೆ ಒಂದು ಸಸಿ ನೆಡಲು ಹೊರಟರೆ ಅದು ಮಾತ್ರ ಖಾಸಗಿ ಶೋಕಿ. ಮಾಲೀಕರೇ ತಮ್ಮ ಕೆಲಸಕ್ಕೆಂದು ಕಳಿಸಿ ಓದಿಸಿದ್ದರೆ ಅದು ವ್ಯವಹಾರದ ಖರ್ಚಾಗಿ ಅವರ ಆದಾಯದಿಂದ ಸಲೀಸಾಗಿ ಕಳೆಯಬಹುದಿತ್ತು. ಆ ಲೆಕ್ಕ ಬರೆಯುವವನೂ ನಾನೇ ಆಗಿರುತ್ತಿದ್ದೆ.

ಹಾಗೆಂದು ಕೊಡಗಿಗೆ ವಿನಾಯಿತಿಗಳ ಬರವಿದೆ ಎಂದು ಯಾರೂ ಹೇಳಲಾರರು. ಕೊಡವರು ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ. ಕೈಯಲ್ಲಿ ಪಠ್ಯಪುಸ್ತಕದ ಬದಲು ಒಂಟಿನಳಿಗೆ ಕೋವಿ ಹಿಡಿದಿದ್ದರೆ ಇಷ್ಟು ಪ್ರಶ್ನೆ ಬರುತ್ತಿರಲಿಲ್ಲ.

"ಪೂರ್ಣಾವಧಿ" ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಭಾನುವಾರದ ಆನ್‌ಲೈನ್ ತರಗತಿಗೆ ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಜೀಪನ್ನು ತೋಟದ ಮೇಲಿನ ದಿಣ್ಣೆಗೆ ಹತ್ತಿಸಿ, ಗಾಜು ಏರಿಸಿ, ಮೊಬೈಲನ್ನು ಸ್ಟಿಯರಿಂಗಿಗೆ ಒರಗಿಸಿ ಕೂರುತ್ತೇನೆ. ಮೇಷ್ಟ್ರು "ನಿಮ್ಮ ಕಡೆ ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ" ಎಂದರು ಒಮ್ಮೆ. ಜೀಪಿನ ತಗಡಿನ ಮೇಲೆ ಬೀಳುತ್ತಿದ್ದ ಮಳೆ ಅದು. ವಾರಕ್ಕೆ ಆರು ದಿನ ದುಡಿದು ಏಳನೆಯ ದಿನ ಹೀಗೆ ಕೂರುವವನನ್ನು ಕಾನೂನು ಅರೆಕಾಲಿಕ ಎನ್ನುತ್ತದೆ.

ಆಡಿಟರ ಬಳಿ ಇನ್ನೂ ಒಂದು ಬಾಣವಿತ್ತು. "ಕಾಯಿದೆಯಲ್ಲಿ ಮಕ್ಕಳಿಗೆ ವಯಸ್ಸಿನ ಮಿತಿ ಹೇಳಿಲ್ಲ. ನಿಮ್ಮ ತಂದೆ ಶುಲ್ಕ ಕಟ್ಟಿದ್ದರೆ, ನೀವು ಕೆಲಸ ಬಿಟ್ಟು ಪೂರ್ಣಾವಧಿ ಓದಿದ್ದರೆ, ಅವರು 80ಸಿ ಕೇಳಬಹುದಿತ್ತು."

ಆ ಸಂಜೆ ಅಪ್ಪನಿಗೆ ಇದನ್ನೆಲ್ಲ ಒಪ್ಪಿಸಿದೆ. ಅಪ್ಪನಿಗೆ ಎಪ್ಪತ್ನಾಲ್ಕು. ಎರಡೂವರೆ ಎಕರೆ ರೋಬಸ್ಟಾ ಕಾಫಿ, ಒಣಗಿಸಿದ ಚೆರಿಯನ್ನು (ಸಿಪ್ಪೆ ಸಮೇತದ ಹಣ್ಣನ್ನು) ಮೂಟೆಯಲ್ಲೇ ಮಾರುತ್ತಾರೆ. ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ತೆರಿಗೆ ಅದರ ಹತ್ತಿರ ಸುಳಿಯುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ವಿನಾಯಿತಿ ಕೇಳಬಹುದಾದವರಿಗೆ ತೆರಿಗೆ ಇಲ್ಲ, ತೆರಿಗೆ ಇರುವವನಿಗೆ ಕೇಳುವ ಹಕ್ಕಿಲ್ಲ.

ಅಂದಹಾಗೆ ಈಗ ಹಳೆಯ 1961ರ ಕಾಯಿದೆ ಹೋಗಿ 2025ರ ಕಾಯಿದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. 80ಸಿ ಹೋಗಿ 123 ಆಗಿದೆ. ಮಕ್ಕಳು ಇಬ್ಬರೇ, ಓದು ಪೂರ್ಣಾವಧಿಯೇ. ಹೊಸ ತೆರಿಗೆ ಪದ್ಧತಿಗೆ ಬಂದವರಿಗಂತೂ ಮಗುವಿನ ಶುಲ್ಕವೂ ಇಲ್ಲ, ಸಾಲದ ಬಡ್ಡಿಯೂ ಇಲ್ಲ; ಅಲ್ಲಿ ನನಗೂ ಯುಕೆಜಿ ಕೂಸಿಗೂ ಸಂಪೂರ್ಣ ಸಮಾನತೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಒಲೆಯ ಮುಂದೆ ಕಾಲು ಚಾಚಿ ಕುಳಿತಿದ್ದರು. ಸತ್ತ ಗಿಡದ ನಿಯಮವನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡರು.

"ಶಾಶ್ವತವಾಗಿ ಕೆಲಸಕ್ಕೆ ಬಾರದ್ದು ಎಂದು ಬರೆದಿದ್ದಾರೆಯೇ?"

"ಹೌದಪ್ಪ."

"ಹಾಗಾದರೆ ನಿನ್ನನ್ನು ಮಗು ಎಂದು ಯಾಕೆ ಕೊಟ್ಟೆ? ಗಿಡ ಎಂದು ಕೊಡಬೇಕಿತ್ತು. ಸಾಕ್ಷಿಗೆ ನಾನು ಬರುತ್ತಿದ್ದೆ."