ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗಬೇಕು

ಹೋಮ್‌ವರ್ಕಿನಲ್ಲಿ ಅರ್ಥಶಾಸ್ತ್ರ ಕೈಕೊಡುವುದು ಅಪರೂಪ. ಕೈಕೊಡುವುದು ಕೂಡು-ಕಳೆ. ಬೇಡಿಕೆ, ಪೂರೈಕೆ, ಸಮತೋಲನ ಅಂತ ಅರ್ಧ ಪುಟ ಗಂಭೀರವಾಗಿ ಬರೆದು, ಕೊನೆಗೆ ಒಂದು ಮೈನಸ್ ಗೆರೆ ಎಡವಿ ಬೀಳುವವರೇ ಜಾಸ್ತಿ.

ಬೆಲೆಗೆ ‘ಬೆ’ ಅಂತಿಟ್ಟುಕೊಳ್ಳಿ. ಬೇಡಿಕೆ 100 − 2ಬೆ, ಪೂರೈಕೆ 20 + 2ಬೆ. ಎರಡನ್ನೂ ಸಮ ಮಾಡಿದರೆ 80 = 4ಬೆ; ಬೆಲೆ 20, ಪ್ರಮಾಣ 60. ಆದರೆ ಪೂರೈಕೆಯ ಆ 20 ಬಲಗಡೆಯಿಂದ ಎಡಗಡೆಗೆ ಬರುವಾಗ ಚಿಹ್ನೆ ಬದಲಿಸದೆ ಹಾಗೇ ನುಸುಳಿಬಿಡುತ್ತದೆ. ಆಗ 120 = 4ಬೆ, ಬೆಲೆ 30. ಉತ್ತರ 29.37 ಅಂತ ಬಂದಿದ್ದರೆ ಅನುಮಾನವಾದರೂ ಹುಟ್ಟುತ್ತಿತ್ತು. 30 ನೋಡಲು ಎಷ್ಟು ಸಭ್ಯ ಅಂದರೆ ಯಾರೂ ತಡೆದು ವಿಚಾರಿಸುವುದಿಲ್ಲ. ಅದನ್ನೇ ಎರಡೂ ಸಮೀಕರಣಕ್ಕೆ ಹಾಕಿ ನೋಡಿ: ಕೊಳ್ಳುವವರಿಗೆ ಬೇಕಾಗಿದ್ದು 40, ಮಾರುವವರು ತಂದಿದ್ದು 80. ಅರ್ಧ ಸರಕು ಹಾಗೇ ಬಿದ್ದಿದೆ, ಕೆಳಗೆ ಜೋಡಿ ಗೆರೆ ಎಳೆದು ‘ಸಮತೋಲನ’ ಎಂದು ಬರೆದಾಗಿದೆ!

ನಕ್ಷೆಯದು ಇನ್ನೊಂದು ಗೋಳು. ಗಣಿತದವರ ಪ್ರಕಾರ ಕಾರಣ ಅಡ್ಡ ಅಕ್ಷದಲ್ಲಿ, ಪರಿಣಾಮ ಲಂಬ ಅಕ್ಷದಲ್ಲಿ ಇರಬೇಕು. ಅರ್ಥಶಾಸ್ತ್ರದವರು ಬೆಲೆಯನ್ನು ಲಂಬ ಅಕ್ಷದ ಮೇಲೆ ಕೂರಿಸುತ್ತಾರೆ. 1890ರ ಪುಸ್ತಕದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಹಾಗೆ ಬರೆದರು, ಪದ್ಧತಿ ಗಟ್ಟಿಯಾಗಿ ಕೂತುಬಿಟ್ಟಿತು. ಹಾಗಾಗಿ ನಮ್ಮ ಬೇಡಿಕೆ ರೇಖೆ ಲಂಬ ಅಕ್ಷವನ್ನು ಮುಟ್ಟುವುದು 100ರಲ್ಲಿ ಅಲ್ಲ, 50ರಲ್ಲಿ. ಇಳಿಜಾರು −2 ಅಲ್ಲ, −½. ಸಮೀಕರಣದಲ್ಲಿ ಕಂಡ ಅಂಕಿಯನ್ನು ಹಾಗೇ ಎತ್ತಿ ನಕ್ಷೆಗೆ ಹಾಕಿದರೆ ಗೆರೆ ಎಲ್ಲಿಗೋ ಹೋಗುತ್ತದೆ.

ಶೇಕಡಾ ಲೆಕ್ಕಕ್ಕಂತೂ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಬೆಲೆ 10ರಿಂದ 15ಕ್ಕೆ ಏರಿದರೆ ಶೇ. 50; ಅದೇ 15ರಿಂದ 10ಕ್ಕೆ ಇಳಿದರೆ ಶೇ. 33.3. ಈ ಏರಿಕೆಗೆ ಬೇಡಿಕೆ 60ರಿಂದ 40ಕ್ಕೆ ಕುಸಿಯಿತು ಅನ್ನಿ. ಸ್ಥಿತಿಸ್ಥಾಪಕತ್ವ (ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದ್ದು), ಮೈನಸ್ ಬಿಟ್ಟು ಹೇಳುವುದಾದರೆ, ಏರುವಾಗ 0.67, ಇಳಿಯುವಾಗ 1.5. ಅಂದರೆ ಒಂದೇ ಗಿರಾಕಿ ಹೋಗುವಾಗ ಬೆಲೆಗೆ ಜಗ್ಗದವನು, ಬರುವಾಗ ಬೆಲೆ ಕಂಡರೆ ಕುಣಿಯುವವನು. ಇದಕ್ಕೆ ಮದ್ದು ಮಧ್ಯಬಿಂದು ವಿಧಾನ: ವ್ಯತ್ಯಾಸವನ್ನು ಎರಡರ ಸರಾಸರಿಯಿಂದ ಭಾಗಿಸಿ. 20ನ್ನು 50ರಿಂದ, 5ನ್ನು 12.5ರಿಂದ. ಎರಡೂ ಶೇ. 40, ಉತ್ತರ 1, ಯಾವ ಕಡೆಯಿಂದ ಬಂದರೂ.

ನಿಜವಾದ ರಣರಂಗ ತೆರಿಗೆಯದು. ಮೊದಲಿನ ಲೆಕ್ಕದಲ್ಲೇ ಮಾರುವವರ ಮೇಲೆ ಪ್ರತಿ ನಗಕ್ಕೆ 4 ತೆರಿಗೆ ಹಾಕಿ. ಹತ್ತರಲ್ಲಿ ಎಂಟು ಮಂದಿಯ ಕೈ ತಾನಾಗಿ 20 + 4 = 24 ಎಂದು ಬರೆಯುತ್ತದೆ (ಎಂಟು ಅನ್ನುವುದು ಅಂದಾಜು; ಉದಾರವಾಗಿಯೇ ಹೇಳಿದ್ದು). ಸಮೀಕರಣಕ್ಕೆ ಇಳಿದವರಿಗೂ ಬ್ರಾಕೆಟ್ ಕಾದಿರುತ್ತದೆ. ಮಾರುವವರ ಕೈಗೆ ಬರುವುದು ಬೆ − 4, ಆದ್ದರಿಂದ ಪೂರೈಕೆ 20 + 2(ಬೆ − 4). ಹೊರಗಿನ 2 ಒಳಗಿನ ಇಬ್ಬರನ್ನೂ ಗುಣಿಸಬೇಕು. ಅವಸರದಲ್ಲಿ ಬೆಲೆಯನ್ನಷ್ಟೇ ಗುಣಿಸಿ 4ನ್ನು ಹಾಗೇ ಬಿಟ್ಟರೆ ಬೆಲೆ 21 ಬರುತ್ತದೆ, ಅದೂ ಸಭ್ಯವಾಗಿಯೇ ಕಾಣುತ್ತದೆ. ಸರಿಯಾಗಿ ಬಿಡಿಸಿದರೆ 12 + 2ಬೆ. ಕೊಳ್ಳುವವರು ಕೊಡುವುದು 22, ಮಾರುವವರಿಗೆ ಉಳಿಯುವುದು 18, ತೆರಿಗೆಯ ಹೊರೆ ಇಬ್ಬರಿಗೂ ಎರಡೆರಡು.

ಇಷ್ಟು ದಾಟಿ ಬಂದವರೂ ತೆರಿಗೆಯ ಒಟ್ಟು ಮೊತ್ತ ಕೇಳಿದಾಗ 4ನ್ನು ಹಳೆಯ 60ರಿಂದ ಗುಣಿಸಿ 240 ಬರೆದು ಪೆನ್ನು ಮುಚ್ಚುತ್ತಾರೆ. ಬೆಲೆ ಏರಿದ ಮೇಲೆ ಮಾರಾಟವಾಗುವುದು 56 ಮಾತ್ರ. ಪುಸ್ತಕದ ಹಿಂದಿನ ಪುಟದಲ್ಲಿ 224 ಎಂದಿರುವುದು ಕಂಡ ಕೂಡಲೇ ಅಚ್ಚು ಹಾಕಿದವರ ಮೇಲೆ ಗೂಬೆ ಕೂರುತ್ತದೆ.