ಮಂಕಿ ಕ್ಯಾಪು, ಒಣ ಬನಿಯನ್ನು

ಡಿಸೆಂಬರ್ ಬಂತೆಂದರೆ ನಮ್ಮಮ್ಮನಿಗೆ ನನ್ನ ಕಿವಿಗಳ ಚಿಂತೆ ಶುರುವಾಗುತ್ತದೆ. ನನಗೀಗ ನಲವತ್ತಾರು. ಓಡುವುದು ಮೈಸೂರಿನಲ್ಲಿ, ಹಿಮಾಲಯದಲ್ಲಲ್ಲ. ಆದರೂ ಬೆಳಿಗ್ಗೆ ಐದೂವರೆಗೆ ಶೂ ಲೇಸು ಕಟ್ಟುತ್ತಾ ಕೂತರೆ ಹಿಂದಿನಿಂದ ಮಂಕಿ ಕ್ಯಾಪು ಹಾರಿ ಬರುತ್ತದೆ. "ಮಂಜು ತಲೆಗೆ ಇಳಿಯುತ್ತೆ ಕಣೋ, ಹಾಕ್ಕೊಂಡು ಹೋಗು." ಅದನ್ನು ಹಾಕಿಕೊಂಡು ಓಡಿದರೆ ಬೀದಿನಾಯಿಗಳು ಕಳ್ಳ ಅಂದುಕೊಂಡು ಅಟ್ಟಿಸಿಕೊಂಡು ಬರುತ್ತವೆ ಎಂದರೆ, "ಬರಲಿ ಬಿಡು, ಇನ್ನೂ ಜೋರಾಗಿ ಓಡ್ತೀಯ" ಅನ್ನುತ್ತಾಳೆ. ರಸ್ತೆ ತಿರುವಿನಲ್ಲಿ ನಿಲ್ಲಿಸಿ ಟೋಪಿ ತೆಗೆದು ಸ್ಕೂಟರ್ ಡಿಕ್ಕಿಗೆ ತುರುಕುವುದು ನನ್ನ ದಿನದ ಮೊದಲ ಮೋಸ.

ನಮ್ಮ ಚಳಿಯಾದರೂ ಎಂಥದ್ದು? ಫೋನಿನಲ್ಲಿ 14 ಡಿಗ್ರಿ ತೋರಿಸಿದರೆ ಅವತ್ತಿಡೀ ಊರಿಗೆ ಅದೇ ಮಾತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ನನ್ನ ಭಾವಮೈದ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಓಡಿ, ಹುಬ್ಬಿನ ಮೇಲೆ ಹಿಮ ಕಟ್ಟಿಕೊಂಡ ಫೋಟೋ ಕಳಿಸುತ್ತಾನೆ, ಕೆಳಗೆ ಒಂದು ನಗುವ ಮುಖ ಬೇರೆ. ಅವನು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಇಲ್ಲಿಗೂ ಸರಿಹೋಗುತ್ತದೆ. ಹೊರಟಾಗಲೇ ಬೆಚ್ಚಗಿದ್ದರೆ ಬಟ್ಟೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ಮೊದಲ ಹತ್ತು ನಿಮಿಷ ನಡುಗಬೇಕು, ಆಮೇಲೆ ಮೈಯೇ ಒಲೆ.

ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರಿರಲಿ ಅಂತ. ಈಗ ಅದರ ಸುತ್ತ ನಮ್ಮಂಥವರು ಬೆವರು ಸುರಿಸುತ್ತೇವೆ. ಜನವರಿಯ ಬೆಳಗಿನಲ್ಲಿ ನೀರಿನ ಮೇಲೆ ಹಬೆ ಎದ್ದಿರುತ್ತದೆ. ಅದರೊಳಗಿನಿಂದ ಒಂದು ಹೆಜ್ಜಾರ್ಲೆ ಹಕ್ಕಿ ಸುಮ್ನೆ ತೇಲಿಕೊಂಡು ಬರುತ್ತದೆ, ಅದಕ್ಕೆ ಯಾವ ಅಮ್ಮನೂ ಟೋಪಿ ಹಾಕಿಲ್ಲ. ಈ ಹೊತ್ತಿಗೆ ನನ್ನ ಮೂಗು ಸೋರಲು ಶುರು. ಇದು ನೆಗಡಿಯಲ್ಲ. ಒಳಗೆ ಹೋಗುವ ಥಂಡಿ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಶ್ವಾಸಕೋಶಕ್ಕೆ ಕಳಿಸುವುದು ಮೂಗಿನ ಕೆಲಸ, ಪಾಪ, ಓಡುವಾಗ ಅದು ಓವರ್‌ಟೈಮ್ ಮಾಡುತ್ತದೆ. ಮಣಿಕಟ್ಟಿಗೆ ಕರ್ಚೀಫು ಕಟ್ಟಿಕೊಂಡರೆ ಮುಗಿಯಿತು. ನಾನು ಹೆದರುವುದು ಮಂಜಿಗಲ್ಲ, ಹೊಗೆಗೆ. ಚಳಿಗಾಲದ ಬೆಳಗಿನಲ್ಲಿ ನೆಲದ ಹತ್ತಿರದ ತಂಪು ಗಾಳಿ ಮೇಲೇಳುವುದಿಲ್ಲ, ಯಾರೋ ತರಗೆಲೆಗೆ ಬೆಂಕಿ ಹಚ್ಚಿದರೆ ಆ ಹೊಗೆ ನಮ್ಮ ಎದೆಮಟ್ಟದಲ್ಲೇ ಕೂತಿರುತ್ತದೆ. ಅಂಥ ದಿನ ಕೆಮ್ಮಿದರೂ ಅಮ್ಮ ಬೈಯುವುದು ಮಂಜನ್ನೇ.

ಇನ್ನು ನೀರು. ಚಳಿಯಲ್ಲಿ ಬಾಯಾರುವುದೇ ಇಲ್ಲ, ಬೆವರು ಮಾತ್ರ ಗೊತ್ತಾಗದ ಹಾಗೆ ಹೋಗಿರುತ್ತದೆ. ಮಧ್ಯಾಹ್ನ ತಲೆ ಸಿಡಿಯುವಾಗ ನೆನಪಾಗುತ್ತದೆ.

ಆದರೆ ನನ್ನನ್ನು ಕೆಡವಿದ್ದು ಇದ್ಯಾವುದೂ ಅಲ್ಲ. ಓಡುವಷ್ಟು ಹೊತ್ತು ನಮಗೇನೂ ಆಗುವುದಿಲ್ಲ, ಆಗುವುದೆಲ್ಲ ನಿಂತ ಮೇಲೆ. ಮುಂಬೈ ಮ್ಯಾರಥಾನ್ ಸಾಮಾನ್ಯವಾಗಿ ಜನವರಿಯ ಮೂರನೇ ಭಾನುವಾರ ಬರುತ್ತದೆ, ಹೋದ ವರ್ಷ ಅದರ ಹಾಫ್‌ಗೆ ಹೆಸರು ಕೊಟ್ಟಿದ್ದೆ, 21 ಕಿಲೋಮೀಟರ್ ಚಿಲ್ಲರೆ. ಎರಡು ವಾರ ಮುಂಚೆ ಉದ್ದನೆಯ ಓಟ ಮುಗಿಸಿ, ಧನುರ್ಮಾಸವಲ್ವಾ, ದೇವಸ್ಥಾನದ ಮುಂದೆ ಹುಗ್ಗಿಗೆ ಸಾಲು ನಿಂತೆವು. ಹಸಿದ ಹೊಟ್ಟೆಗೆ ಮೆಣಸು ಜೀರಿಗೆಯ ಘಮ, ದೊನ್ನೆಯ ಅಂಚಿನಿಂದ ಬೆರಳಿಗೆ ಇಳಿಯುವ ತುಪ್ಪ, ನೆಕ್ಕಿದರೆ ಇನ್ನೊಂದು ದೊನ್ನೆಗೆ ಕೈ ಚಾಚುವ ಆಸೆ. ಹೀಗೆ ಮುಕ್ಕಾಲು ಗಂಟೆ ಒದ್ದೆ ಬನಿಯನ್ನಿನಲ್ಲಿ ಹರಟಿದೆವು. ಬೆನ್ನು ಮಂಜುಗಡ್ಡೆಯಾಗಿತ್ತು, ಮಾತು ಬಿಡಲಿಲ್ಲ. ಮೂರನೇ ದಿನ ಜ್ವರ. ಅಮ್ಮ ಮಂಜು ಅಂದಳು, ಹೆಂಡತಿ ಒದ್ದೆ ಬನಿಯನ್ನು ಅಂದಳು. ನನಗೆ ಮಾತ್ರ ಅವತ್ತು ಪಕ್ಕದಲ್ಲಿ ನಿಂತು ಆರು ಸಲ ಸೀನಿ, ಅದೇ ಕೈಯಲ್ಲಿ ನನಗೆ ದೊನ್ನೆ ಕೊಟ್ಟ ಗೆಳೆಯ ಕಣ್ಣಮುಂದೆ ಬಂದ. ನೆಗಡಿ ಬರುವುದು ವೈರಸ್ಸಿನಿಂದ ತಾನೇ, ಬನಿಯನ್ನಿನಿಂದಲ್ಲ.

ಓಡುವವರಲ್ಲಿ ಒಂದು ರೂಢಿಯ ಮಾತಿದೆ. ತೊಂದರೆ ಕತ್ತಿನ ಮೇಲಿದ್ದರೆ, ಅಂದರೆ ಬರೀ ಮೂಗು ಕಟ್ಟಿದ್ದರೆ, ನಿಧಾನಕ್ಕೆ ಓಡಬಹುದು. ಎದೆಗೆ ಇಳಿದಿದ್ದರೆ, ಮೈಕೈ ನೋವು, ಜ್ವರ ಇದ್ದರೆ, ಹೊದ್ದು ಮಲಗಬೇಕು. ಮುಂಬೈ ಟಿಕೆಟ್ ಕ್ಯಾನ್ಸಲ್ ಮಾಡಿ ಹೊದ್ದುಕೊಂಡೆ. ಅಷ್ಟು ಬುದ್ಧಿ ಇತ್ತು ಅನ್ನುವುದಕ್ಕಿಂತ, ಏಳಲಿಕ್ಕೇ ಆಗಲಿಲ್ಲ ಅನ್ನುವುದು ಸತ್ಯ.

ಈ ಸಲ ಡಿಕ್ಕಿಯಲ್ಲಿ ಒಂದು ಒಣ ಬನಿಯನ್ನು, ಒಂದು ಟವೆಲ್ಲು. ಓಟ ಮುಗಿದ ಕೂಡಲೇ ಹೊಂಗೆ ಮರದ ಮರೆಯಲ್ಲಿ ಬನಿಯನ್ನು ಬದಲಾಯಿಸಿ, ಆಮೇಲೇ ಹುಗ್ಗಿ. ದೊನ್ನೆಯನ್ನು ನಾನೇ ಹೋಗಿ ತೆಗೆದುಕೊಳ್ಳುತ್ತೇನೆ, ಗೆಳೆಯನಿಗೆ ಇನ್ನೂ ಕಾರಣ ಹೇಳಿಲ್ಲ.

ಮೊನ್ನೆ ಎಲ್ಲ ಮುಗಿಸಿ ಸ್ಕೂಟರ್ ಹತ್ತಿದೆ. ನಿಜವಾದ ಚಳಿ ಇರುವುದು ಅಲ್ಲಿ. ತಲೆಗೂದಲು ಬೆವರಿಗೆ ನೆಂದಿದೆ, ಗಾಳಿ ಹೆಲ್ಮೆಟ್ಟಿನ ಸಂದಿಯಿಂದ ನುಗ್ಗಿ ಕಿವಿಯೊಳಗೆ ಸೂಜಿ ಚುಚ್ಚುತ್ತಿದೆ. ನಿಲ್ಲಿಸಿ ಡಿಕ್ಕಿ ತೆಗೆದೆ. ಹೆಲ್ಮೆಟ್ಟಿನ ಒಳಗೆ ಮಂಕಿ ಕ್ಯಾಪು ಹಾಕಿಕೊಂಡು ಮನೆ ತಲುಪಿ, ಗೇಟಿನಲ್ಲಿ ಹೆಲ್ಮೆಟ್ ತೆಗೆದರೆ ಅಮ್ಮ ರಂಗೋಲಿ ಮುಂದೆ ಕೂತಿದ್ದಾಳೆ. ತಲೆಯಿಂದ ಕತ್ತಿನವರೆಗೆ ಒಮ್ಮೆ ನೋಡಿದಳು. ಏನೂ ಹೇಳಲಿಲ್ಲ. ಖುಷಿಯಾಗಿ ಎದ್ದು ಕಷಾಯಕ್ಕೆ ನೀರಿಡಲು ಒಳಗೆ ಹೋದಳು.