15 ಎಕರೆ 30 ಗುಂಟೆ ಬಿಸಿಲು

ಸೌರಶಕ್ತಿಯ ಕುರಿತ ವಿಚಾರ ಸಂಕಿರಣವು ನಡುಹಗಲಿನಲ್ಲಿ, ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಇದ್ದಬದ್ದ ದೀಪಗಳನ್ನೆಲ್ಲ ಹೊತ್ತಿಸಿ, ಸನ್ಮಾನದ ಶಾಲು ಸಿಗದವರು ನಡುಗುವಷ್ಟು ಏಸಿ ಹಾಕಿದ ಸಭಾಂಗಣದಲ್ಲಿಯೇ ನಡೆಯಬೇಕೆಂಬ ನಿಯಮ ಎಲ್ಲಿಯೂ ಲಿಖಿತವಾಗಿಲ್ಲ. ಆದರೆ ಅದನ್ನು ಮುರಿದವರನ್ನು ನಾನು ಕಂಡಿಲ್ಲ. ಪರದೆ ಸರಿಸಿದರೆ ಬಿಸಿಲು ಒಳಗೆ ಬಂದುಬಿಡುತ್ತದೆ, ಬಿಸಿಲು ಬಂದರೆ ಬಿಸಿಲಿನ ಮಹಿಮೆಯನ್ನು ಸಾರುವ ಸ್ಲೈಡುಗಳು ಕಾಣುವುದಿಲ್ಲ ಎಂದು ಸಂಘಟಕರು ವಿವರಿಸುತ್ತಾರೆ.

ಇತ್ತೀಚೆಗೆ ಅಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಪ್ರಾರ್ಥನೆ, ಸ್ವಾಗತ, ಹಾರ-ತುರಾಯಿಗಳೆಲ್ಲ ಮುಗಿದು, ಏಸಿಯ ಗಾಳಿಗೆ ಮತ್ತೆ ಮತ್ತೆ ಆರುತ್ತಿದ್ದ ದೀಪವನ್ನು ಐವರು ಗಣ್ಯರು ಒಂದೇ ಮೇಣದಬತ್ತಿಯಿಂದ ಬೆಳಗಿಸಿದ ತರುವಾಯ, ಮುಖ್ಯ ಭಾಷಣಕಾರರು ಮೈಕಿನ ಮುಂದೆ ಬಂದು ಎಲ್ಲರೂ ಕಾಯುತ್ತಿದ್ದ ಆ ವಾಕ್ಯವನ್ನು ಹೇಳಿದರು: ಇಡೀ ಮನುಕುಲಕ್ಕೆ ಒಂದು ವರ್ಷಕ್ಕೆ ಬೇಕಾದ ಶಕ್ತಿಯನ್ನು ಸೂರ್ಯನು ಭೂಮಿಗೆ ಒಂದೇ ಗಂಟೆಯಲ್ಲಿ ಕಳುಹಿಸುತ್ತಾನೆ. ಚಪ್ಪಾಳೆ ಬಿತ್ತು. ಆ ಗಳಿಗೆಯಲ್ಲಿ ಕರೆಂಟು ಹೋಗಿದ್ದರೆ ನನಗೆ ಈ ಅಂಕಣ ಬರೆಯುವ ಶ್ರಮ ತಪ್ಪುತ್ತಿತ್ತು; ಹೋಗಲಿಲ್ಲ.

ಲೆಕ್ಕವೇನೂ ಸುಳ್ಳಲ್ಲ. ಭೂಮಿ ತನ್ನ ಮೈಮೇಲೆ ಹಿಡಿಯುವ ಬಿಸಿಲು ಒಟ್ಟು ಸುಮಾರು 1,73,000 ಟೆರಾವ್ಯಾಟ್. ಕಲ್ಲಿದ್ದಲು, ತೈಲ, ಅನಿಲ, ಅಣು, ಜಲ ಎಲ್ಲವನ್ನೂ ಸೇರಿಸಿ ನಾವು ಬಳಸುವುದು ಸರಾಸರಿ 19 ಟೆರಾವ್ಯಾಟಿನ ಆಸುಪಾಸು. ಭಾಗಿಸಿದರೆ ಒಂಬತ್ತು ಸಾವಿರ ಪಟ್ಟು ಬರುತ್ತದೆ, ವರ್ಷಕ್ಕೆ 8,760 ಗಂಟೆಗಳು, ಆದ್ದರಿಂದ ಒಂದು ಗಂಟೆಯ ಮಾತು ಹೆಚ್ಚುಕಡಿಮೆ ಸರಿ. ಮೋಡ, ಹಿಮ, ಮರಳುಗಳು ನೂರಕ್ಕೆ ಮೂವತ್ತರಷ್ಟು ಬಿಸಿಲನ್ನು ಮುಟ್ಟಿದ ಕೂಡಲೇ ಬಾಹ್ಯಾಕಾಶಕ್ಕೆ ಹಿಂದಿರುಗಿಸುವುದರಿಂದ ಒಂದು ಗಂಟೆ ಇಪ್ಪತ್ತೈದು ನಿಮಿಷ ಎನ್ನಬೇಕಿತ್ತು. ಉದ್ಘಾಟನೆಯೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದ ಕಾರಣ ಅಷ್ಟು ಸಣ್ಣ ಅಂತರವನ್ನು ಯಾರೂ ಎತ್ತಿ ಆಡಲಿಲ್ಲ.

ಫಜೀತಿ ಇರುವುದು ಭಾಗಾಕಾರ ಮುಗಿದ ಮೇಲೆ. ಭಾಗಲಬ್ಧ ಕೈಗೆ ಬಂದೊಡನೆ ವಿದ್ಯುತ್ತೇ ಬಂದಿತೆಂದು ಭಾವಿಸುವುದು ನಮ್ಮ ವೇದಿಕೆಗಳ ಸಂಪ್ರದಾಯವಾಗಿದೆ. ಹಸಿದು ಬಂದವನಿಗೆ ರಾಜ್ಯದ ಒಟ್ಟು ಭತ್ತದ ಇಳುವರಿಯನ್ನು ಓದಿ ಹೇಳಿ, ಕೈ ತೊಳೆಯಲು ನೀರು ಕೊಟ್ಟು ಕಳುಹಿಸಿದಂತೆ.

ಭಾಗಾಕಾರದ ಗುಂಗು ನನಗೂ ಹತ್ತಿ, ಸಂಘಟಕರು ಕೊಟ್ಟಿದ್ದ ಪ್ಯಾಡಿನ ಹಿಂಬದಿಯಲ್ಲಿ ನಾನೂ ಒಂದು ಲೆಕ್ಕ ಹಾಕಿದೆ. ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್, ಜನಸಂಖ್ಯೆ 800 ಕೋಟಿ. ಅಲ್ಲಿಗೆ ತಲೆಗೆ 15 ಎಕರೆ 30 ಗುಂಟೆ. ಅಷ್ಟರ ಮೇಲೆ ಹಗಲು-ರಾತ್ರಿಗಳ ಸರಾಸರಿಯಲ್ಲಿ ಬೀಳುವ ಬಿಸಿಲು 21 ಮೆಗಾವ್ಯಾಟನ್ನು ಮೀರುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಂದರೆ ಒಂದು ಬಸ್ಸಿನ ಸೀಟುಗಳಲ್ಲಿ ಕುಳಿತ ನಲವತ್ತೆಂಟು ಜನರ ಪಾಲಿನ ಬಿಸಿಲು ಒಂದು ಶರಾವತಿಗೆ ಸಮ. ಈ ಲೆಕ್ಕ ಆಗಲೇ ಹೊಳೆದಿದ್ದರೆ ಲಿಂಗನಮಕ್ಕಿಯ ಅಣೆಕಟ್ಟಿಗಾಗಿ ಅಷ್ಟು ಊರುಗಳನ್ನು ಮುಳುಗಿಸದೆ, ಒಂದು ಬಸ್ಸನ್ನು ಬಯಲಿನಲ್ಲಿ ನಿಲ್ಲಿಸಿದ್ದರೆ ಸಾಕಾಗುತ್ತಿತ್ತು.

ನನ್ನ ಆಸ್ತಿಯ ಪಹಣಿಯನ್ನೂ ಮನಸ್ಸಿನಲ್ಲಿಯೇ ತೆಗೆಸಿ ನೋಡಿದೆ. 15 ಎಕರೆ 30 ಗುಂಟೆಯಲ್ಲಿ 11 ಎಕರೆಗೂ ಮಿಕ್ಕಿ ಸಮುದ್ರದ ಪಾಲು. ಉಳಿದ ನಾಲ್ಕೂವರೆ ಎಕರೆಯಲ್ಲಿ ಒಂದಿಷ್ಟು ಅಂಟಾರ್ಕ್ಟಿಕಾದ ಹಿಮ, ಒಂದಿಷ್ಟು ಸಹಾರಾದ ಮರಳು. ಯಾವ ಹೊತ್ತಿನಲ್ಲಿ ನೋಡಿದರೂ ಅರ್ಧಭಾಗ ಕತ್ತಲೆಯಲ್ಲಿರುತ್ತದೆ. ಸಾಲದ್ದಕ್ಕೆ ಇದು 800 ಕೋಟಿ ಜನರ ಜಂಟಿ ಖಾತೆ. ಅಣ್ಣತಮ್ಮಂದಿರ ಎರಡು ಎಕರೆಯ ಪೋಡಿಗೇ ವರ್ಷಗಟ್ಟಲೆ ನಾಡಕಚೇರಿಗೆ ಅಲೆಯುವ, ಶರಾವತಿಯ ಮುಳುಗಡೆ ಸಂತ್ರಸ್ತರಲ್ಲಿ ಅನೇಕರ ಹಕ್ಕುಪತ್ರದ ತಗಾದೆ ದಶಕಗಳು ಕಳೆದರೂ ಬಗೆಹರಿಯದ ನಾಡಿನಲ್ಲಿ, ಪೆಸಿಫಿಕ್ ಸಾಗರದಲ್ಲಿರುವ ನನ್ನ ಭಾಗವನ್ನು ಅಳೆದು ಕಲ್ಲು ನೆಡುವ ಸರ್ವೆಯರು ಯಾವಾಗ ಬಂದಾರು?

ಪಹಣಿಯಿರುವ ನಿಜವಾದ ಬಿಸಿಲು ಪಾವಗಡದ್ದು. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದು, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟಿನ ಸೌರ ಪಾರ್ಕನ್ನು ಅಲ್ಲಿ ಪೂರ್ಣಗೊಳಿಸಲಾಯಿತು. ಒಳ್ಳೆಯ ಕೆಲಸವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಷ್ಟೇ ನೆಲದ ಮೇಲೆ ಬೇಸಿಗೆಯ ನಡುಮಧ್ಯಾಹ್ನ ಸುರಿಯುವ ಬಿಸಿಲು 50,000 ಮೆಗಾವ್ಯಾಟನ್ನು ದಾಟುತ್ತದೆ. ಫಲಕಗಳು ಹೀರಲಾರದ್ದು, ಸಾಲುಗಳ ನಡುವೆ ನೆಲಕ್ಕೆ ಬಿದ್ದದ್ದು, ರಸ್ತೆಯ ಪಾಲಾದದ್ದು ಎಲ್ಲವನ್ನೂ ಕಳೆದು, ಆಕಾಶ ಅತ್ಯಂತ ಪ್ರಸನ್ನವಾಗಿದ್ದಾಗ ತಂತಿಗೆ ಏರುವುದು 2,050. ಸಂಜೆ ಏಳಕ್ಕೆ, ಅಂದರೆ ನಾವೆಲ್ಲ ಮನೆಗೆ ಬಂದು ಸ್ವಿಚ್ಚು ಒತ್ತುವ ಹೊತ್ತಿಗೆ, ಸೊನ್ನೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣ ಬರುವುದಿಲ್ಲ. ಅವರ 15 ಎಕರೆ 30 ಗುಂಟೆಗೆ ಮಾತ್ರ ಯಾರೂ ಕೈ ಹಚ್ಚಿಲ್ಲ.

ಭಾಷಣದಲ್ಲಿ ಛೇದದ ಮಾತು ಬರಲೇ ಇಲ್ಲ. ನಾವು ಬಳಸುವ ಶಕ್ತಿಯಲ್ಲಿ ಒಂದಂಶ ಸೂರ್ಯನ ವಿರುದ್ಧದ ಯುದ್ಧಕ್ಕೇ ಖರ್ಚಾಗುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು ಬಿಸಿಲನ್ನು ಗೋಡೆಯ ಮೂಲಕವೇ ಒಳಗೆ ಕರೆದುಕೊಂಡು, ಬಳಿಕ ಅದೇ ಬಿಸಿಲಿನ ಕಾವನ್ನು ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಸುಟ್ಟು ತಯಾರಿಸಿದ ವಿದ್ಯುತ್ತನ್ನೂ ಬಳಸಿ ದಿನವಿಡೀ ಹೊರಗೆ ನೂಕುತ್ತವೆ. ಅಂಶ ಏರಿದಷ್ಟೂ ಛೇದವೂ ಏರುವ ಇಂಥ ಭಿನ್ನರಾಶಿಯನ್ನು ಶಾಲೆಯಲ್ಲಿ ನಮಗೆ ಕಲಿಸಿರಲಿಲ್ಲ.

ಪ್ರಶ್ನೋತ್ತರದ ವೇಳೆ ಹಿಂದಿನ ಸಾಲಿನಿಂದ ಒಬ್ಬ ರೈತರು ಎದ್ದು ನಿಂತರು. “ಸ್ವಾಮಿ, ನಮ್ಮ ಕಡೆ ತ್ರೀಫೇಸು ಅರ್ಧ ಹಗಲು, ಅರ್ಧ ರಾತ್ರಿ. ಬ್ಯಾಟರಿ ಹಿಡ್ಕೊಂಡು, ಹಾವಿಗೆ ಹೆದರ್ಕೊಂಡು ಮೋಟಾರು ಹಾಕೋಕೆ ಹೋಗ್ತೀವಿ. ತಾವು ಹೇಳಿದ ಆ ಒಂದು ಗಂಟೆ ಯಾವುದು ಅಂತ ಮುಂಚೇನೇ ಗೊತ್ತಾದ್ರೆ ಅನುಕೂಲ ಆಗ್ತಿತ್ತು” ಎಂದರು. ಭಾಷಣಕಾರರು ಬಹಳ ಒಳ್ಳೆಯ ಪ್ರಶ್ನೆಯೆಂದು ಮೆಚ್ಚಿ, ನೆನಪಿನ ಕಾಣಿಕೆ ಸ್ವೀಕರಿಸಿ, ನೆರಳಿನಲ್ಲಿ ಏಸಿ ಹಾಕಿಕೊಂಡು ಕಾಯುತ್ತಿದ್ದ ಕಾರನ್ನು ಹತ್ತಿದರು.

ನಾನು ಬಸ್ಸು ಹತ್ತಿದೆ. ಯಾವ ಬದಿಗೆ ಬಿಸಿಲು ಬೀಳುತ್ತದೆಂಬ ಚರ್ಚೆ ಜೋರಾಗಿ ನಡೆದಿತ್ತು. ನೆರಳಿನ ಕಡೆಯ ಸೀಟುಗಳ ಮೇಲೆಲ್ಲ ಟವೆಲ್ಲು, ಚೀಲಗಳು ಬಿದ್ದಿದ್ದವು. ಸೀಟುಗಳೆಲ್ಲ ಭರ್ತಿಯಾಗಿ, ಹೆಚ್ಚುಕಡಿಮೆ ಒಂದು ಶರಾವತಿಯಷ್ಟು ಸಾಮರ್ಥ್ಯದೊಡನೆ ಬಸ್ಸು ಹೊರಟಿತು. ಎರಡನೆಯ ಸ್ಟಾಪಿನಲ್ಲಿ ಕಂಡಕ್ಟರರು ಟಿಕೆಟ್ ಯಂತ್ರವನ್ನು ಎರಡು ಸಲ ಅಂಗೈಗೆ ಬಡಿದು ನೋಡಿ, ಚಾರ್ಜ್ ಇಲ್ಲವೆಂದು ಅದನ್ನು ಚೀಲಕ್ಕೆ ತುರುಕಿ, ಹಳೆಯ ಕಾಗದದ ಟಿಕೆಟಿನ ಕಟ್ಟನ್ನು ಹೊರಗೆ ತೆಗೆದರು.